ಸ್ಮರಣೆ: ಕ್ಯಾಪ್ಟನ್ ಕೃಷ್ಣನ್ ನಾಯರ್ ಅವರು



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಪೂಜೆ ಮುಗಿಸಿ ಪಡಸಾಲೆಗೆ ಬರುವಷ್ಟರಲ್ಲಿ ನಿವೃತ್ತ ಸುಬೇದಾರರೊಬ್ಬರು ನಮ್ಮ ದಾರಿ ಕಾಯುತ್ತ ಕುಳಿತಿದ್ದರು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದಿಂದ ಊರ ಪೇಟೆಯಲ್ಲಿ ಬಟ್ಟೆಯ ಅಂಗಡಿ ತೆರೆದವರು ಅವರು. ಅಂಗಡಿ ಚೆನ್ನಾಗಿಯೇ ನಡೆದಿದೆ. ಇಬ್ಬರು ಗಂಡುಮಕ್ಕಳೂ ಅದರಲ್ಲಿಯೇ ದುಡಿಯುತ್ತಾರೆ. ಈಗ ಹಿರಿಯ ಮಗನು ಬ್ಯಾಂಕಿನಿಂದ ದೊಡ್ಡ ಸಾಲ ತೆಗೆದು ಹುಬ್ಬಳ್ಳಿಯಲ್ಲಿ ಮೂರು ಅಂತಸ್ತಿನ ಮಳಿಗೆ ಕಟ್ಟೋಣವೆನ್ನುತ್ತಾನೆ. ಕಿರಿಯವನು ಇದ್ದುದನ್ನು ಉಳಿಸಿಕೊಂಡರೆ ಸಾಕೆನ್ನುತ್ತಾನೆ. ಆರು ತಿಂಗಳಿಂದ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿಲ್ಲ.

“ಗುರುಗಳ, ಬಂದೂಕು ಹಿಡಿಯೂದು ಹಗುರ ಇತ್ತರಿ. ಈ ತಕ್ಕಡಿ ಹಿಡಿಯೂದು ಭಾಳ ಕಠಿಣ ಆಗೇದ” ಎಂದರು ಸುಬೇದಾರರು.

ಮಠದ ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿ ಆಯುಷ್ಯ ಕಳೆದ ನಮಗೆ ವ್ಯಾಪಾರದ ಲೆಕ್ಕ ತಿಳಿಯದು. ಬಡ್ಡಿಯ ಲೆಕ್ಕವಂತೂ ಬಾಲ್ಯದಿಂದಲೂ ನಮಗೆ ವೈರಿ. ಆದರೆ ಸೈನಿಕನೊಬ್ಬನು ಬಟ್ಟೆಯ ವ್ಯಾಪಾರಕ್ಕೆ ಇಳಿದು, ಮನೆತನದ ಉದ್ಯಮ ಕಟ್ಟಿ, ಬೆಳೆಸಿ, ಸಾಲದ ಸುಳಿಯನ್ನೂ ಕಂಡ ಒಂದು ದೊಡ್ಡ ಬಾಳಿನ ಕಥೆಯನ್ನು ನಾವು ಓದಿದ್ದುಂಟು. ಅಂದು ಸುಬೇದಾರರಿಗೆ ಅದನ್ನೇ ಹೇಳಿದೆವು. ಈ ತಿಂಗಳು ತಮ್ಮೆಲ್ಲರ ಮುಂದೆಯೂ ಅದನ್ನೇ ಇಡುತ್ತಿದ್ದೇವೆ. ಅವರು ನಮ್ಮ ನಾಡಿನವರಲ್ಲ, ನಮ್ಮ ಸಮಾಜದವರೂ ಅಲ್ಲ, ಕೇರಳದ ಕಣ್ಣೂರಿನವರು. ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಎಂಬುದು ಅವರ ಹೆಸರು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅರಮನೆಯಂತೆ ನಿಂತಿರುವ ‘ಲೀಲಾ ಪ್ಯಾಲೇಸ್’ ಹೋಟೆಲನ್ನು ಕಂಡವರು ನಮ್ಮ ಓದುಗರಲ್ಲಿ ಬಹಳ ಮಂದಿ ಇರಬಹುದು. ಅದನ್ನು ಕಟ್ಟಿಸಿದವರು ಅವರೇ.

ನಾಯರ್ ಅವರು ಜನಿಸಿದ್ದು 1922ರ ಫೆಬ್ರವರಿ 9ರಂದು. ಕಣ್ಣೂರು ಆಗ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು; ನಮ್ಮ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯದಲ್ಲಿತ್ತು. ತಂದೆ ಸರಕಾರದ ಹಣ ವಸೂಲಿಯ ಕೆಲಸದಲ್ಲಿದ್ದವರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ಬಾಲಕನಾಗಿದ್ದಾಗ ಶಾಲೆಯಲ್ಲಿ ಚಿರಕ್ಕಲ್ ರಾಜರೆದುರು ಒಂದು ಕವಿತೆ ಕಟ್ಟಿ ಹೇಳಿ, ಅವರ ಮೆಚ್ಚುಗೆ ಗಳಿಸಿ, ಮುಂದಿನ ವಿದ್ಯಾಭ್ಯಾಸಕ್ಕೆ ವೇತನ ಪಡೆದರೆಂದು ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಪರರ ನೆರವಿನಿಂದ ಓದಿದವರಿಗೆ ಅನ್ನದ ಬೆಲೆಯೂ ಅಕ್ಷರದ ಬೆಲೆಯೂ ಬೇಗ ತಿಳಿಯುತ್ತದೆ. ವಾರಾನ್ನದ ಮನೆಗಳಲ್ಲಿ ಉಂಡು ಓದಿದ ನಮ್ಮ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅವರು ಸೈನ್ಯಕ್ಕೆ ಸೇರಿದರು. ಈಗ ಪಾಕಿಸ್ತಾನದಲ್ಲಿರುವ ಅಬೋಟಾಬಾದಿನಲ್ಲಿ ನಿಸ್ತಂತು ವಿಭಾಗದ ಅಧಿಕಾರಿಯಾಗಿದ್ದರು. ಅನಂತರ ಮರಾಠಾ ಲಘು ಪದಾತಿ ದಳದಲ್ಲಿ ಕ್ಯಾಪ್ಟನ್ ಪದವಿಗೇರಿದರು. ಈ ದಳವು ನಮಗೆ ದೂರದ್ದಲ್ಲ. ಅದರ ಕೇಂದ್ರವು 1922ರಿಂದ ನಮ್ಮ ಬೆಳಗಾವಿಯಲ್ಲಿಯೇ ಇದೆ. ಬೆಳಗಾವಿ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಆ ದಳದಲ್ಲಿ ದುಡಿದಿದ್ದಾರೆ. ನಮ್ಮ ಸುಬೇದಾರರೂ ಅವರಲ್ಲೊಬ್ಬರು. ಈ ಮಾತು ಬಂದಾಗ ಅವರು ಕುಳಿತಲ್ಲಿಯೇ ಬೆನ್ನು ನೆಟ್ಟಗೆ ಮಾಡಿದ್ದನ್ನು ಕಂಡು ನಮಗೆ ನಗು ಬಂದಿತು.

1950ರಲ್ಲಿ ನಾಯರ್ ಅವರ ವಿವಾಹವಾಯಿತು. ವಧುವಿನ ಹೆಸರು ಲೀಲಾ. ಆಕೆಯ ತಂದೆ ಎ. ಕೆ. ನಾಯರ್ ಅವರು ಕಣ್ಣೂರಿನಲ್ಲಿ ರಾಜರಾಜೇಶ್ವರಿ ಎಂಬ ನೇಯ್ಗೆಯ ಗಿರಣಿಯ ಒಡೆಯರು. ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಕ್ಯಾಪ್ಟನ್ನರು ಸೈನ್ಯದ ಕೆಲಸ ಬಿಟ್ಟು ಮಾವನವರ ಬಟ್ಟೆಗಳನ್ನು ಮಾರಲು ಹೊರಟರು. ಭುಜದ ಮೇಲೆ ನಕ್ಷತ್ರ ಧರಿಸಿದ್ದ ಅಧಿಕಾರಿಯು ಬಟ್ಟೆಯ ಮಾದರಿಗಳ ಗಂಟು ಹೊತ್ತು ವರ್ತಕರ ಬಾಗಿಲಿಗೆ ಹೋಗಿ ನಿಲ್ಲುವುದೆಂದರೆ ಸಾಮಾನ್ಯ ಮಾತಲ್ಲ. ನಮ್ಮಲ್ಲಿ ಅಳಿಯನೆಂದರೆ ಮಣೆ ಹಾಕಿ ಕೂರಿಸುವ ದೇವರು. ಮಾವನ ಅಂಗಡಿಯಲ್ಲಿ ದುಡಿಯುವ ಅಳಿಯನನ್ನು ಊರು ಹಗುರವಾಗಿ ಕಾಣುವುದನ್ನು ನಾವು ಕಂಡಿದ್ದೇವೆ. ನಾಯರ್ ಅವರು ಅದಕ್ಕೆ ಅಂಜಿದಂತೆ ಕಾಣುವುದಿಲ್ಲ. ದುಡಿಮೆಯಲ್ಲಿ ಮೇಲುಕೀಳಿಲ್ಲವೆಂದು ಶರಣರ ಹೆಸರಿನಲ್ಲಿ ಸಭೆಗಳಲ್ಲಿ ಭಾಷಣ ಮಾಡುವ ನಾವು, ನಮ್ಮ ಮನೆಯ ಪದವೀಧರನು ತಕ್ಕಡಿ ಹಿಡಿದರೆ ನೆಂಟರಿಷ್ಟರ ಮುಂದೆ ಮುಖ ಮರೆಸುತ್ತೇವೆ. ಅದಿರಲಿ.

ಕಣ್ಣೂರಿನ ನೇಯ್ಗೆಗೆ ತನ್ನದೇ ಆದ ಇತಿಹಾಸವಿದೆ. ಅಲ್ಲಿ ಪರಂಪರೆಯ ನೇಕಾರರು ಮೊದಲಿನಿಂದಲೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿಯಂತೆ ಕಣ್ಣೂರಿನಲ್ಲಿಯೂ ನೇಯ್ಗೆಯ ಕಾರ್ಖಾನೆ ತೆರೆದರು. ಕನ್ನಡಕ್ಕೆ ಮಹಾಕೋಶವನ್ನು ಕೊಟ್ಟ ಕಿಟ್ಟೆಲರು ಇದೇ ಮಿಶನ್ನಿನವರು. ಸೈನಿಕರು ತೊಡುವ ಖಾಕಿ ಬಣ್ಣವನ್ನು ಸಿದ್ಧಪಡಿಸಿದ್ದು ಮಂಗಳೂರಿನ ಬಲ್ಮಠದ ಮಿಶನ್ ನೇಯ್ಗೆಶಾಲೆಯಲ್ಲಿ ಎಂದು ಆ ಭಾಗದ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಸೈನ್ಯಕ್ಕೂ ಮಗ್ಗಕ್ಕೂ ಇರುವ ನಂಟು ಹೀಗೆ ಹಳೆಯದು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಗಿರಣಿಬಟ್ಟೆಯ ಪೈಪೋಟಿಯಲ್ಲಿ ಕೈಮಗ್ಗದವರ ಬಾಳು ಕಂಗೆಟ್ಟಿತ್ತು. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳ ನೇಕಾರ ಕುಟುಂಬಗಳಲ್ಲಿ ಹಿರಿಯರಿದ್ದರೆ ಆ ದಿನಗಳ ಕಷ್ಟವನ್ನು ಇಂದಿಗೂ ಹೇಳಿಯಾರು. ಜೇಡರ ದಾಸಿಮಯ್ಯನವರ ಕಾಯಕವೆಂದು ನಾವು ಪೂಜ್ಯಭಾವದಿಂದ ಕಾಣುವ ನೇಯ್ಗೆಯು ಹೊಟ್ಟೆಗೆ ಸಾಲದ ಕೆಲಸವಾಗಿತ್ತು. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯು ರಚನೆಯಾಯಿತು. ಅದಕ್ಕಾಗಿ ಓಡಾಡಿದವರಲ್ಲಿ ಕ್ಯಾಪ್ಟನ್ ನಾಯರ್ ಅವರೂ ಒಬ್ಬರು. ಆ ಮಂಡಳಿಯನ್ನು ಕೇಂದ್ರ ಸರಕಾರವು 2020ರಲ್ಲಿ ರದ್ದುಗೊಳಿಸಿತು. ನೇಕಾರನ ಮಾತು ದಿಲ್ಲಿಯಲ್ಲಿ ಕೇಳಿಸುವುದಕ್ಕೆ ಒಂದು ಬಾಗಿಲಾದರೂ ಇತ್ತು, ಅದೂ ಮುಚ್ಚಿತಲ್ಲ ಎಂದು ನಮಗೆ ಅಂದು ಖೇದವಾಯಿತು.

ಇನ್ನು, ಅವರ ಬಾಳಿನಲ್ಲಿ ನಮಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಸಂಗಕ್ಕೆ ಬರೋಣ.

ಮದ್ರಾಸ್ ಸುತ್ತಿನ ಹಳ್ಳಿಗಳಲ್ಲಿ ಕೈಮಗ್ಗದ ಮೇಲೆ ನೇಯುತ್ತಿದ್ದ ಚೌಕಳಿ ಬಟ್ಟೆಯು ಹಿಂದಿನಿಂದಲೂ ಹಡಗು ಹತ್ತಿ ಆಫ್ರಿಕಾ, ಅಮೆರಿಕಗಳವರೆಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ‘ಮದ್ರಾಸ್’ ಎಂದೇ ಹೆಸರು. ನೇಯುವುದಕ್ಕೆ ಮೊದಲೇ ನೂಲಿನ ಲಡಿಗಳನ್ನು ನೀಲಿ, ಅರಿಶಿನ ಮೊದಲಾದ ಗಿಡಮೂಲದ ಬಣ್ಣಗಳಲ್ಲಿ ಅದ್ದಿ ಒಣಗಿಸಿ, ಬಣ್ಣದ ಹಾಸು, ಬಣ್ಣದ ಹೊಕ್ಕುಗಳಿಂದ ಚೌಕಗಳನ್ನು ಮೂಡಿಸುತ್ತಿದ್ದರು. ಈ ಬಣ್ಣವು ನೂಲಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ನೀರಿಗೆ ಹಾಕಿದಾಗಲೆಲ್ಲ ಒಂದಿಷ್ಟು ಬಿಡುತ್ತದೆ, ಪಕ್ಕದ ಬಣ್ಣದೊಡನೆ ಕಲೆಯುತ್ತದೆ.

1958ರಲ್ಲಿ ನ್ಯೂಯಾರ್ಕಿನ ವಿಲಿಯಂ ಜೇಕಬ್‌ಸನ್ ಎಂಬ ಬಟ್ಟೆಯ ಆಮದುದಾರರು ಮದ್ರಾಸಿಗೆ ಬಂದರು. ಕ್ಯಾಪ್ಟನ್ ನಾಯರ್ ಅವರು ತೋರಿಸಿದ ಬಟ್ಟೆ ಅವರ ಮನಸ್ಸಿಗೆ ಹಿಡಿಯಿತು. ಗಜಕ್ಕೆ ಒಂದು ಡಾಲರಿನಂತೆ 10,000 ಗಜದ ವ್ಯವಹಾರ ಕುದುರಿತು. ಮಾರುವಾಗ ನಾಯರ್ ಅವರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು: ಇದನ್ನು ತಣ್ಣೀರಿನಲ್ಲಿ, ಮೆಲ್ಲಗೆ, ಜೋಪಾನವಾಗಿ ತೊಳೆಯಬೇಕು, ಇಲ್ಲವಾದರೆ ಬಣ್ಣ ಬಿಡುತ್ತದೆ. ಜೇಕಬ್‌ಸನ್ನರು ಬಟ್ಟೆಯನ್ನು ಬ್ರೂಕ್ಸ್ ಬ್ರದರ್ಸ್ ಎಂಬ ಹೆಸರಾಂತ ಉಡುಪಿನ ಮಳಿಗೆಗೆ ಮಾರಿದರು. ಆದರೆ ಈ ಎಚ್ಚರಿಕೆಯ ಮಾತನ್ನು ಮುಂದಕ್ಕೆ ಮುಟ್ಟಿಸುವುದನ್ನು ಮರೆತರು. ಅಂಗಿಗಳು ಮಾರಾಟವಾದವು. ಕೊಂಡವರು ತಮ್ಮ ರೂಢಿಯಂತೆ ಬಿಸಿನೀರಿನ ಯಂತ್ರಗಳಲ್ಲಿ ಒಗೆದರು. ಕೆಂಪು ನೀಲಿಗೆ ಹರಿಯಿತು, ನೀಲಿ ಹಳದಿಗೆ ಹರಿಯಿತು, ಜೊತೆಗಿದ್ದ ಬಿಳಿಯ ಬಟ್ಟೆಗಳೂ ರಂಗಾದವು. ಗಿರಾಕಿಗಳು ಸಿಟ್ಟಿನಿಂದ ಅಂಗಡಿಗೆ ಮರಳಿದರು.

ನಾಯರ್ ಅವರನ್ನು ಅಮೆರಿಕಕ್ಕೆ ಕರೆಸಿದರು. ವಕೀಲರು ಮೊಕದ್ದಮೆಯ ಮಾತೆತ್ತಿದರು. ಆಗ ಒಂದು ಉಪಾಯ ಹೊಳೆಯಿತು. ಅಲ್ಲಿಯ ತರುಣಿಯರು ಓದುವ ‘ಸೆವೆಂಟೀನ್’ ಎಂಬ ಪತ್ರಿಕೆಯ ಸಂಪಾದಕರೊಡನೆ ನಾಯರ್ ಅವರ ಸಂದರ್ಶನವಾಯಿತು. ಪ್ರತಿ ಸಲ ಒಗೆದಾಗಲೂ ಹೊಸ ಬಣ್ಣ ತಾಳುವ, ಭಾರತದಿಂದ ಬಂದ ಕೈನೇಯ್ಗೆಯ ಅದ್ಭುತ ವಸ್ತ್ರವೆಂದು ಪತ್ರಿಕೆಯು ಚಿತ್ರಸಹಿತ ಪುಟಗಟ್ಟಲೆ ಬರೆಯಿತು. ಬಟ್ಟೆಗೆ ‘ಬ್ಲೀಡಿಂಗ್ ಮದ್ರಾಸ್’ ಎಂದು ಹೆಸರಾಯಿತು. ಬಣ್ಣ ಬಿಡುವುದು ಖಾತ್ರಿ ಎಂದು ಜಾಹೀರಾತಿನಲ್ಲಿಯೇ ಸಾರಿ ಮಾರತೊಡಗಿದರು! ನಿನ್ನೆ ಹಿಂತಿರುಗಿಸಿದ್ದ ಅಂಗಿಯನ್ನು ಇಂದು ಜನ ಹುಡುಕಿ ಕೊಂಡರು. ಅರವತ್ತರ ದಶಕದ ಅಮೆರಿಕದಲ್ಲಿ ಕಾಲೇಜಿನ ಹುಡುಗರೆಲ್ಲ ಮದ್ರಾಸ್ ಅಂಗಿ ತೊಟ್ಟರು.

ವ್ಯಾಪಾರದ ಪಾಠ ಹೇಳುವವರು ಈ ಕಥೆಯನ್ನು ಜಾಣ್ಮೆಯ ಕಥೆಯೆಂದು ಹೇಳುತ್ತಾರೆ. ದೋಷವನ್ನೇ ಗುಣವೆಂದು ಮಾರಿದ ಚತುರತೆ ಇದೆಂದು ಕೊಂಡಾಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಆ ದಿನ ಕ್ಯಾಪ್ಟನ್ನರನ್ನು ಕಾಪಾಡಿದ್ದು ಜಾಹೀರಾತಿಗಿಂತ ಮೊದಲು, ಮಾರುವಾಗ ಅವರು ಆಡಿದ್ದ ಒಂದು ಸತ್ಯದ ಮಾತು. ತಣ್ಣೀರಿನಲ್ಲಿ ತೊಳೆಯಿರಿ ಎಂದು ಮೊದಲೇ ಹೇಳಿದ್ದರಿಂದಲೇ ಅವರು ವಕೀಲರೆದುರು ತಲೆಯೆತ್ತಿ ನಿಲ್ಲಬಲ್ಲವರಾದರು. ಅದನ್ನು ಮುಚ್ಚಿಟ್ಟು ಮಾರಿದ್ದರೆ ಯಾವ ಪತ್ರಿಕೆಯ ಲೇಖನವೂ ಅವರ ಮಾನವನ್ನು ಉಳಿಸುತ್ತಿರಲಿಲ್ಲ. ನಮ್ಮ ಅಂಗಡಿಗಳಲ್ಲಿ ‘ಬಣ್ಣ ಹೋಗುವುದಿಲ್ಲ ತಾಯಿ, ಗ್ಯಾರಂಟಿ’ ಎಂದು ಇಳಕಲ್ಲ ಸೀರೆಯ ಹೆಸರಿನಲ್ಲಿ ಯಂತ್ರಮಗ್ಗದ ಸೀರೆಯನ್ನು ಕೊಟ್ಟು ಕಳಿಸುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ.

ಒಂದು ಮಾತನ್ನು ಇಲ್ಲಿ ಹೇಳದೆ ಇರಲಾರೆವು. ಆ ಬಟ್ಟೆಯ ಖ್ಯಾತಿ ಸಮುದ್ರ ದಾಟಿತು, ಮಾರಿದವರ ಹೆಸರುಗಳು ಪುಸ್ತಕಗಳಲ್ಲಿ ಉಳಿದವು. ನೂಲನ್ನು ಬಣ್ಣಕ್ಕೆ ಅದ್ದಿದ ಕೈ, ಲಾಳಿ ಓಡಿಸಿದ ಕೈ ಯಾರದೆಂದು ಯಾವ ಪುಸ್ತಕವೂ ಬರೆಯಲಿಲ್ಲ.

ಪತ್ನಿಯ ಹೆಸರಿನಲ್ಲಿ ನಾಯರ್ ಅವರು ಮುಂಬೈಯಲ್ಲಿ ‘ಲೀಲಾ ಲೇಸ್’ ಎಂಬ ಉದ್ಯಮವನ್ನು ನಡೆಸಿದರು. ರಫ್ತಿನ ವ್ಯಾಪಾರ ಬೆಳೆಯಿತು. ಆ ನಿಮಿತ್ತ ಹೊರದೇಶಗಳನ್ನು ಸುತ್ತಿ, ಅಲ್ಲಿಯ ದೊಡ್ಡ ವಸತಿಗೃಹಗಳಲ್ಲಿ ತಂಗುತ್ತಿದ್ದಾಗ, ಇಂಥದೊಂದನ್ನು ನಮ್ಮ ದೇಶದಲ್ಲಿಯೂ ಕಟ್ಟಬೇಕೆಂಬ ಆಸೆ ಮೊಳೆಯಿತಂತೆ. ಮುಂಬೈಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಬಳಿಯ ಸಹಾರದಲ್ಲಿ ಮೊದಲ ‘ಲೀಲಾ’ ಹೋಟೆಲು ಎದ್ದುದು 1986ರ ಸುಮಾರಿಗೆ. ಆಗ ಅವರ ವಯಸ್ಸು ಅರವತ್ತನ್ನು ದಾಟಿ ನಾಲ್ಕೈದು ವರ್ಷ! ನಮ್ಮಲ್ಲಿ ಅರವತ್ತರ ಶಾಂತಿ ಮುಗಿಸಿ, ಮಕ್ಕಳ ಕೈಗೆ ಕೀಲಿಕೈ ಕೊಟ್ಟು, ಜಗಲಿಯ ಮೇಲೆ ಕೂರುವ ವಯಸ್ಸು ಅದು. ನಾವೂ ಈಗ ಆ ವಯಸ್ಸಿನಲ್ಲಿಯೇ ಇದ್ದೇವೆ; ಹೊಸದೊಂದು ಗ್ರಂಥ ಸಂಪಾದನೆಗೆ ಕೈ ಹಾಕಲು ಹತ್ತು ಸಲ ಯೋಚಿಸುತ್ತೇವೆ.

ಆಮೇಲೆ ಗೋವೆ, ಬೆಂಗಳೂರು, ಕೋವಳಂ, ಉದಯಪುರ, ದಿಲ್ಲಿ, ಚೆನ್ನೈ ಹೀಗೆ ಒಂದರ ಬಳಿಕ ಒಂದು. ಬೆಂಗಳೂರಿನ ಕಟ್ಟಡವು 2001ರಲ್ಲಿ ತೆರೆಯಿತು. ಮೈಸೂರು ಅರಮನೆಯ ಹಾಗೂ ವಿಜಯನಗರದ ಶಿಲ್ಪದ ಛಾಯೆ ಅದರಲ್ಲಿದೆ. ಆಗ ವಿಮಾನ ನಿಲ್ದಾಣವು ಎಚ್.ಎ.ಎಲ್. ಆವರಣದಲ್ಲಿಯೇ ಇದ್ದುದರಿಂದ ವಿಮಾನ ಇಳಿದವರು ನಗರಕ್ಕೆ ಬರುವ ದಾರಿಯಲ್ಲಿ ಮೊದಲು ಕಾಣುತ್ತಿದ್ದ ಭವ್ಯ ಕಟ್ಟಡಗಳಲ್ಲಿ ಅದೊಂದು. 2008ರಲ್ಲಿ ನಿಲ್ದಾಣವು ದೇವನಹಳ್ಳಿಗೆ ಹೋಯಿತು. ಹೋಟೆಲಿನ ವೈಭವ, ಅಲ್ಲಿಯ ಊಟೋಪಚಾರಗಳ ವಿಷಯ ನಮ್ಮಂಥವರಿಗೆ ಸಲ್ಲದು. ಆ ಮಾತನ್ನು ಬಿಡೋಣ. ಆದರೆ ಕಟ್ಟಡ ಕಟ್ಟುವಲ್ಲೆಲ್ಲ ಗಿಡಮರ ಬೆಳೆಸುವುದರಲ್ಲಿ ಅವರಿಗಿದ್ದ ಅಕ್ಕರೆಯನ್ನು ಮೆಚ್ಚಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ‘ಗ್ಲೋಬಲ್ 500’ ಎಂಬ ಗೌರವವನ್ನಿತ್ತಿತು. ಭಾರತ ಸರಕಾರವು 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ. ಸುಬೇದಾರರ ಹಿರಿಯ ಮಗನೂ ಇಷ್ಟನ್ನೇ ಕೇಳಿ ಎದ್ದು ಹೋಗಲು ಸಿದ್ಧನಾಗಿದ್ದ. ‘ನೋಡಿರಿ, ಧೈರ್ಯ ಮಾಡಿದವರಿಗೇ ಭಾಗ್ಯ’ ಎಂಬ ಭಾವ ಅವನ ಮುಖದಲ್ಲಿತ್ತು. ನಾವು ಕೂರಿಸಿದೆವು.

ಅರಮನೆಗಳನ್ನು ಕಟ್ಟಲು ಹಣ ಬೇಕು. ಆ ಹಣ ಸಾಲದಿಂದ ಬಂದಿತ್ತು. ಹೋಟೆಲಿನ ವ್ಯವಹಾರವು ವಿಚಿತ್ರವಾದದ್ದು. ನೆಲಕ್ಕೆ, ಕಟ್ಟಡಕ್ಕೆ ಮೊದಲೇ ಕೋಟಿಗಟ್ಟಲೆ ಸುರಿಯಬೇಕು. ಅದು ಕೋಣೆಯ ಬಾಡಿಗೆಯ ರೂಪದಲ್ಲಿ ಹನಿಹನಿಯಾಗಿ ಮರಳುತ್ತದೆ. 2008ರಲ್ಲಿ ಜಗತ್ತಿನ ಹಣಕಾಸು ಕುಸಿದಾಗ, ಅದೇ ವರ್ಷದ ನವೆಂಬರಿನಲ್ಲಿ ಮುಂಬೈಯ ಮೇಲೆ ಉಗ್ರರ ದಾಳಿಯಾದಾಗ, ಹೊರದೇಶದ ಅತಿಥಿಗಳು ಕಡಿಮೆಯಾದರು. ಬಡ್ಡಿಗೆ ಅತಿಥಿಗಳ ಗೊಡವೆ ಇಲ್ಲ. ಅದು ರಾತ್ರಿಯೂ ಬೆಳೆಯುತ್ತದೆ. ದಿಲ್ಲಿ, ಚೆನ್ನೈಗಳ ಹೊಸ ಹೋಟೆಲುಗಳು ಬಾಗಿಲು ತೆರೆಯುವ ಹೊತ್ತಿಗೆ ಸಾಲವು ಸಾವಿರಾರು ಕೋಟಿಗೆ ಏರಿತ್ತು. 2011ರಲ್ಲಿ ಕೋವಳಂ ಹೋಟೆಲನ್ನು 500 ಕೋಟಿ ರೂಪಾಯಿಗೆ ಮಾರಬೇಕಾಯಿತು. ತವರು ನಾಡಾದ ಕೇರಳದಲ್ಲಿ ಕಡಲ ದಂಡೆಯ ಮೇಲಿದ್ದ ಆಸ್ತಿ ಅದು. ಮಾರುವಾಗ ಆ ತೊಂಬತ್ತರ ಹತ್ತಿರದ ಹಿರಿಯರ ಮನಸ್ಸು ಹೇಗಿದ್ದೀತು ಎಂಬುದನ್ನು ಹೊಲ ಮಾರಿದ ಒಕ್ಕಲು ಮಕ್ಕಳು ಬಲ್ಲರು.

2013ರಲ್ಲಿ ಅವರು ಅಧ್ಯಕ್ಷಸ್ಥಾನವನ್ನು ಹಿರಿಯ ಮಗ ವಿವೇಕ ನಾಯರ್ ಅವರಿಗೆ ಒಪ್ಪಿಸಿದರು. ಕಿರಿಯ ಮಗ ದಿನೇಶ ನಾಯರ್ ಅವರೂ ಉದ್ಯಮದಲ್ಲಿದ್ದರು. 2014ರ ಮೇ 17ರಂದು, 92ನೆಯ ವಯಸ್ಸಿನಲ್ಲಿ, ಮುಂಬೈಯಲ್ಲಿ ಕ್ಯಾಪ್ಟನ್ನರು ನಿಧನರಾದರು. ಋಣ ಮಾತ್ರ ಉಳಿಯಿತು. 2015ರಲ್ಲಿ ಗೋವೆಯ ಹೋಟೆಲು 725 ಕೋಟಿಗೆ ಹೋಯಿತು. 2019ರಲ್ಲಿ ಬೆಂಗಳೂರು, ಚೆನ್ನೈ, ದಿಲ್ಲಿ, ಉದಯಪುರಗಳ ನಾಲ್ಕೂ ಅರಮನೆಗಳು, ‘ಲೀಲಾ’ ಎಂಬ ಹೆಸರಿನ ಹಕ್ಕಿನೊಡನೆ, ಬ್ರೂಕ್‌ಫೀಲ್ಡ್ ಎಂಬ ಕೆನಡಾ ದೇಶದ ಸಂಸ್ಥೆಗೆ 3,950 ಕೋಟಿ ರೂಪಾಯಿಗೆ ಮಾರಾಟವಾದವು. ಮುಂಬೈಯ ಮೊದಲ ಹೋಟೆಲು ಮಾತ್ರ ಹಳೆಯ ಕಂಪನಿಯಲ್ಲಿ ಉಳಿಯಿತು. 2025ರಲ್ಲಿ ಹೊಸ ಒಡೆಯರು ಷೇರು ಪೇಟೆಗೆ ಬಂದಾಗಲೂ ಹೋಟೆಲುಗಳ ಹಣೆಯ ಮೇಲೆ ಕಣ್ಣೂರಿನ ನೇಯ್ಗೆಯ ಮನೆಯ ಮಗಳ ಹೆಸರೇ ಇದ್ದಿತು.

ನಾಯರ್ ಅವರು ತಪ್ಪು ಮಾಡಿದರೆನ್ನಲು ನಾವು ಯಾರು? ನೂರಾರು ಕುಟುಂಬಗಳಿಗೆ ಅನ್ನದ ದಾರಿ ಮಾಡಿಕೊಟ್ಟ ಕಟ್ಟಡಗಳು ಅವು. ಒಡೆತನ ಬದಲಾದರೂ ಅಲ್ಲಿ ದುಡಿಯುವವರ ಒಲೆ ಉರಿಯುತ್ತಿದೆ. ಆದರೂ ಬಟ್ಟೆ ಮಾರುವಾಗ ಗಿರಾಕಿಗೆ ‘ತಣ್ಣೀರಿನಲ್ಲಿ ತೊಳೆಯಿರಿ’ ಎಂದು ಎಚ್ಚರ ಹೇಳಿದ ಅದೇ ಮನುಷ್ಯರು, ತಮ್ಮ ಕನಸಿಗೆ ಅದೇ ಎಚ್ಚರವನ್ನು ಹೇಳಿಕೊಳ್ಳದೆ ಹೋದರೇ ಎಂದು ನಮಗೆ ಅನ್ನಿಸುವುದುಂಟು. ಸೈನಿಕನು ಮುನ್ನುಗ್ಗುವುದನ್ನು ಕಲಿತಿರುತ್ತಾನೆ. ಗೃಹಸ್ಥನಿಗೆ ಹಿಂದೆ ಬರುವವರ ಲೆಕ್ಕವೂ ಇರಬೇಕಾಗುತ್ತದೆ.

ಇಷ್ಟನ್ನೂ ಸುಬೇದಾರರಿಗೆ ಹೇಳಿ, ಮುಂದಿನ ಸೋಮವಾರ ಮನೆಯವರೆಲ್ಲರನ್ನೂ ಕರೆದುಕೊಂಡು ಬನ್ನಿರೆಂದೆವು. ಬಂದರು. ಸುಬೇದಾರರ ಧರ್ಮಪತ್ನಿಯವರನ್ನು ನಾವು ಅಂದೇ ಮೊದಲು ನೋಡಿದ್ದು. ಪತಿ ಗಡಿಯಲ್ಲಿದ್ದ ಕಾಲದಲ್ಲಿ ಮನೆ, ಹೊಲ, ಅತ್ತೆ ಮಾವ, ಮಕ್ಕಳ ಶಾಲೆ ಎಲ್ಲವನ್ನೂ ಒಬ್ಬರೇ ತೂಗಿಸಿದವರು. ಅಂಗಡಿಯ ಉದ್ರಿ ಪುಸ್ತಕವನ್ನು ಇಂದಿಗೂ ಅವರೇ ಬರೆಯುತ್ತಾರಂತೆ. ನಾವು ಕಥೆಯನ್ನು ಮತ್ತೊಮ್ಮೆ ಹೇಳಿದೆವು. ಹೋಟೆಲುಗಳಿಗೆಲ್ಲ ಹೆಂಡತಿಯ ಹೆಸರನ್ನೇ ಇಟ್ಟ ಸಂಗತಿ ಬಂದಾಗ ಆ ತಾಯಿ ಸೆರಗು ಸರಿಪಡಿಸಿಕೊಂಡು ನಕ್ಕರು.

“ಹೆಸರು ಇಟ್ರು, ಛಲೋ ಆತ್ರಿ ಗುರುಗಳ. ಸಾಲದ ಕಾಗದಕ್ಕ ಸಹಿ ಮಾಡೂವಾಗ ಆ ತಾಯೀನ್ನ ಒಂದ ಮಾತು ಕೇಳಿದ್ರೇನ್ರಿ?”

ನಾವು ಸುಮ್ಮನಾದೆವು. ಸುಬೇದಾರರು ಹಿರಿಯ ಮಗನ ಕಡೆಗೆ ನೋಡಿದರು. ಆತನು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಆಮೇಲೆ ಚೀಲದಿಂದ ಬ್ಯಾಂಕಿನ ಕಾಗದಗಳನ್ನು ತೆಗೆದು ತಾಯಿಯ ಮುಂದಿಟ್ಟನು. ತಮ್ಮನೂ ಹತ್ತಿರ ಸರಿದು ಕುಳಿತನು. ಮೊದಲನೆಯ ಪುಟದಿಂದ ಓದಿ, ಬಡ್ಡಿ ಎಷ್ಟು, ಕಂತು ಎಷ್ಟು, ಎಷ್ಟು ವರ್ಷ ಎಂಬುದನ್ನು ಒಂದೊಂದಾಗಿ ಹೇಳತೊಡಗಿದನು. ಆ ತಾಯಿ ಉದ್ರಿ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋದರು.